ಏಳೂವರೆ ತಲೆಯ ಹುಡುಗಿ

ದೊಡ್ಡಮ್ಮನ ಕಾರ್ಖಾನೆಗೆ ಮೊದಲ ಸಲ ಕಾಲಿಡುವವರು ಹೊಸ್ತಿಲಲ್ಲೇ ಒಂದು ಗಳಿಗೆ ನಿಂತುಬಿಡುತ್ತಿದ್ದರು. ಎಡಗೋಡೆಯ ಹಲಗೆಗಳ ಮೇಲೆ ನಲವತ್ತು ಬೋಳು ತಲೆಗಳು ಒಂದೇ ದಿಕ್ಕಿಗೆ ಮುಖ ಮಾಡಿ ಕುಳಿತಿದ್ದವು. ಬಲಗಡೆ ತಂತಿಗೆ ತೂಗುಹಾಕಿದ ಕೈಗಳು ಬಾಗಿಲು ತೆರೆದಾಗಲೆಲ್ಲ ಗಾಳಿಗೆ ಅಲುಗಿ, ಬಂದವರನ್ನು ಒಳಗೆ ಕರೆಯುತ್ತಿವೆಯೋ ಹೊರಗೆ ಅಟ್ಟುತ್ತಿವೆಯೋ ತಿಳಿಯದಂತೆ ಬೀಸುತ್ತಿದ್ದವು. ಬಟ್ಟೆ ಅಂಗಡಿಗಳ ಗಾಜಿನ ಹಿಂದೆ ಹೊಸ ಅಂಗಿ ತೊಟ್ಟು, ಯಾರ ಹಂಗೂ ಇಲ್ಲದವರಂತೆ ಬೀದಿಯನ್ನು ನೋಡುತ್ತ ನಿಲ್ಲುವ ಬೊಂಬೆಗಳನ್ನು ದೊಡ್ಡಮ್ಮ ಇಪ್ಪತ್ತಾರು ವರ್ಷಗಳಿಂದ ಮಾಡುತ್ತ ಬಂದಿದ್ದಳು. ಮೊದಲು ಜೇಡಿಮಣ್ಣಿನಲ್ಲಿ ಮೈ, ಅದರ ಮೇಲೆ ಪ್ಲಾಸ್ಟರಿನ ಅಚ್ಚು, ಅಚ್ಚಿನೊಳಗೆ ಫೈಬರು: ಇಷ್ಟೇ ಆ ಮನೆಯ ವಿದ್ಯೆ. ಮಣ್ಣು ದೊಡ್ಡಮ್ಮನದು, ಅಚ್ಚು ಮತ್ತು ಒಳಗಿನ ಕಬ್ಬಿಣದ ಕಂಬಿಗಳು ಅಚ್ಚಿನಜ್ಜನವು. ಅಜ್ಜ ಆ ಕಾರ್ಖಾನೆಯ ಅತಿ ಹಳೆಯ ಕೆಲಸಗಾರ. ಆತನ ಹುಬ್ಬುಗಳ ಮೇಲಿನ ಬಿಳುಪಿನಲ್ಲಿ ಎಷ್ಟು ವಯಸ್ಸು, ಎಷ್ಟು ಪ್ಲಾಸ್ಟರು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಆಕೆಯನ್ನು ದೊಡ್ಡಮ್ಮ ಎಂದು ಕರೆಯುವ ನಿಜವಾದ ಹಕ್ಕಿದ್ದವಳು ತಂಗಿಯ ಮಗಳು ಗುಬ್ಬಿ ಒಬ್ಬಳೇ. ಆದರೂ ಗಿರಾಕಿಗಳಿಂದ ಹಿಡಿದು ಮರಳುಕಾಗದ ಮಾರುವವನವರೆಗೆ ಎಲ್ಲರೂ ಅದನ್ನೇ ಆಕೆಯ ಹೆಸರಾಗಿ ಮಾಡಿಕೊಂಡಿದ್ದರು. ಗುಬ್ಬಿ ಹುಟ್ಟಿದಾಗ ಎರಡು ಅಂಗೈಗಳಲ್ಲಿ ಹಿಡಿಯುವಷ್ಟಿದ್ದಳು. ಹೆಸರು ಆಗ ಬಂದದ್ದು. ಹದಿನೇಳರ ಹೊತ್ತಿಗೆ ಆಕೆ ಅಮ್ಮನಿಗಿಂತ ಒಂದು ಗೇಣು ಎತ್ತರವಾಗಿ, ಆರು ವರ್ಷಗಳ ಈಜಿನಿಂದ ಭುಜಗಳು ಹರವಾಗಿ ಬೆಳೆದಳು. ಹೆಸರು ಮಾತ್ರ ಬೆಳೆಯಲಿಲ್ಲ.

ಈಜುಕೊಳದಲ್ಲಿ ಕಳೆಯಬೇಕಾದ ಸಂಜೆಗಳನ್ನು ಗುಬ್ಬಿ ಕಾರ್ಖಾನೆಯಲ್ಲಿ ಕಳೆಯತೊಡಗಿ ಆಗಲೇ ನಾಲ್ಕು ದಿನಗಳಾಗಿದ್ದವು. ಮೈಮೇಲೆ ಅಪ್ಪನ ಕಪ್ಪು ಉಣ್ಣೆಯ ಸ್ವೆಟರು. ಅದರ ತೋಳಿನಲ್ಲಿ ಅಂಥ ಇಬ್ಬರು ಗುಬ್ಬಿಯರು ಸಂಸಾರ ಹೂಡಬಹುದಿತ್ತು. ಫೈಬರು ಒಣಗಿಸುವ ಒಲೆಯ ಪಕ್ಕದಲ್ಲಿ ಅಜ್ಜ ಬನಿಯನ್ನೂ ಕಳಚಿ ಕುಳಿತಿದ್ದರೆ, ಈಕೆ ಗಲ್ಲದವರೆಗೆ ಉಣ್ಣೆ ಹೊದ್ದು, ಮೂಗಿನ ತುದಿಯಲ್ಲಿ ಬೆವರು ತೊಟ್ಟಿಕ್ಕಿಸುತ್ತ ಬೊಂಬೆಗಳ ಉಗುರುಗಳಿಗೆ ಬಣ್ಣ ಹಚ್ಚುತ್ತಿದ್ದಳು. ದೊಡ್ಡಮ್ಮ ನೋಡಿದಳು, ಕೇಳಲಿಲ್ಲ. ಕೇಳಬೇಕಾದುದನ್ನೆಲ್ಲ ತಂಗಿಯ ಬಾಯಿಂದ ಕೇಳಿ ಆಗಿತ್ತು.

ನಡೆದದ್ದು ಇಷ್ಟು. ನಾಲ್ವರು ಹುಡುಗಿಯರು ಒಬ್ಬರ ನಂತರ ಒಬ್ಬರು ಈಜುವ ರಿಲೇ ಪಂದ್ಯಕ್ಕೆ ಗುಬ್ಬಿಯನ್ನು ಕೊನೆಯ ಸರದಿಯವಳಾಗಿ ಆರಿಸಿದ್ದರು. ಆರಿಸಿದ ದಿನ ಈಜುಕೊಳದವರು ತಮ್ಮ ಜಾಲತಾಣದ ಪುಟದಲ್ಲಿ ಆಕೆಯ ಒಂದು ಫೋಟೋ ಹಾಕಿದರು: ಏಣಿ ಹಿಡಿದು ನೀರಿನಿಂದ ಮೇಲೇಳುತ್ತಿರುವ ಗುಬ್ಬಿ, ಮೈತುಂಬ ನೀರು, ಮುಖದ ತುಂಬ ನಗು. ಕೆಳಗೆ ಯಾರೋ ಪುಣ್ಯಾತ್ಮ, ಈ ಬೀರುವನ್ನು ನೀರಿಗಿಳಿಸಿದವರು ಯಾರು ಎಂದು ಬರೆದ. ಅದಕ್ಕೆ ಇನ್ನೂರ ಹನ್ನೆರಡು ಮಂದಿ ನಗುವ ಮುಖಗಳನ್ನು ಒತ್ತಿದ್ದರು. ಗುಬ್ಬಿ ಅಷ್ಟೂ ಹೆಸರುಗಳನ್ನು ಓದಿದ್ದಳು. ಅವರಲ್ಲಿ ಇಬ್ಬರು ಆಕೆಯ ತರಗತಿಯವರೇ ಆಗಿದ್ದರು. ಮರುದಿನವೇ ಆಕೆ ಈಜುಡುಗೆಯನ್ನು ಮಡಚಿ ಅಮ್ಮನ ಬೀರುವಿನ ತಳಕ್ಕೆ ತುರುಕಿದಳು, ತುರುಕುವಾಗ ಬೀರುವನ್ನು ಒಮ್ಮೆ ಒದ್ದಳು ಕೂಡ.

ಪಂದ್ಯ ಮುಂದಿನ ವಾರದ ಭಾನುವಾರವಿತ್ತು. ತಂಡದಲ್ಲಿ ನಾಲ್ವರೇ, ಐದನೆಯವಳಿಲ್ಲ. ಗುಬ್ಬಿ ಇಳಿಯದಿದ್ದರೆ ಉಳಿದ ಮೂವರೂ ದಡದಲ್ಲೇ ಕೂರಬೇಕು. ಪಂದ್ಯದ ಹಿಂದಿನ ಶುಕ್ರವಾರ ಸಂಜೆ ಐದಕ್ಕೆ ಹೆಸರುಗಳನ್ನು ಕಳಿಸುತ್ತೇನೆ, ಅಷ್ಟರೊಳಗೆ ಹೂಂ ಅಥವಾ ಊಹೂಂ ಹೇಳು ಎಂದು ತರಬೇತಿಯ ಮೇಡಂ ಸಂದೇಶ ಕಳಿಸಿದ್ದರು. ಗುಬ್ಬಿ ಎರಡನ್ನೂ ಹೇಳಿರಲಿಲ್ಲ. ಅಮ್ಮ ದಿನಕ್ಕೆ ಹತ್ತು ಸಲ, ನಿನ್ನ ಭುಜಕ್ಕೇನಾಗಿದೆ, ಚೆನ್ನಾಗೇ ಇದೆಯಲ್ಲ ಎನ್ನುವಳು. ಹತ್ತು ಸಲವೂ ಬಾಗಿಲು ಧಡಾರನೆ ಮುಚ್ಚಿಕೊಳ್ಳುವುದು.

ಹೀಗಿರುವಾಗ ಗುರುವಾರ ಅಂಗಡಿಯಮ್ಮ ಬಂದಳು. ಮೂರು ಬೀದಿಯಾಚೆ ಬಟ್ಟೆಯಂಗಡಿ ಇಟ್ಟಿದ್ದ ಆಕೆ ಹುಡುಗಿಯರ ಉಡುಪಿಗೆಂದೇ ಮೇಲಿನ ಮಹಡಿ ತೆರೆಯುವವಳಿದ್ದು, ಅದಕ್ಕೆ ಹತ್ತು ಹೊಸ ಬೊಂಬೆಗಳು ಬೇಕಿದ್ದವು. ಹಳೆಯ ಅಚ್ಚಿನವು ಬೇಡವೆಂದು ಮೊದಲೇ ಹೇಳಿ, ಫೋನ್ ತೆಗೆದು ಒಂದು ಚಿತ್ರ ತೋರಿಸಿದಳು.

"ಇವಳ ಥರ ಬೇಕು ನಂಗೆ. ಈಗಿನ ಹುಡುಗೀರು ಇವಳನ್ನ ನೋಡ್ಕೊಂಡೇ ಬಟ್ಟೆ ತಗೊಳೋದು."

ಕಿಟಕಿಯೊಂದರ ಪಕ್ಕ ನಿಂತ ಆ ಚೆಲುವೆಯನ್ನು ಜನ 'ಬಳ್ಳಿ' ಎಂಬ ಅಡ್ಡಹೆಸರಿನಿಂದಷ್ಟೇ ಬಲ್ಲರು. ಹದಿನಾಲ್ಕು ಲಕ್ಷ ಮಂದಿ ಜಾಲತಾಣದಲ್ಲಿ ಆಕೆಯ ಬೆನ್ನು ಹತ್ತಿದ್ದರು. ಅವರಲ್ಲಿ ಗುಬ್ಬಿಯೂ ಒಬ್ಬಳು. ದೊಡ್ಡಮ್ಮ ಕನ್ನಡಕವನ್ನು ಹಣೆಗೇರಿಸಿ ಚಿತ್ರವನ್ನು ನೋಡಿದಳು, ಆಮೇಲೆ ಕತ್ತು ಉದ್ದ ಮಾಡಿ ಇಣುಕುತ್ತಿದ್ದ ಗುಬ್ಬಿಯನ್ನು ನೋಡಿದಳು. ಮುಂದಿನ ಶುಕ್ರವಾರಕ್ಕೆ ಎಂಟು ದಿನವಿದೆ, ಆ ದಿನ ನಾಲ್ಕು ಗಂಟೆಗೆ ಬನ್ನಿ, ಮಣ್ಣಿನ ಮೈ ತೋರಿಸುತ್ತೇನೆ ಎಂದು ಗಿರಾಕಿಯನ್ನು ಕಳಿಸಿಕೊಟ್ಟವಳೇ ಮಣ್ಣಿನ ತೊಟ್ಟಿಯ ಮುಚ್ಚಳ ತೆಗೆದಳು.

"ಇದನ್ನ ನೀನು ಮಾಡು."

ಗುಬ್ಬಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಈವರೆಗೆ ಆಕೆ ಮಾಡಿದ್ದು ಕೈಬೆರಳು, ಕಿವಿ. ಬಹಳವೆಂದರೆ ಒಂದು ಪಾದ. ಇಡೀ ಮೈಯನ್ನು ತನಗೇಕೆ ಕೊಡುತ್ತೀಯೆಂದು ಕೇಳಿದಾಗ, ಆ ಹುಡುಗಿಯನ್ನು ನನಗಿಂತ ನೀನೇ ಹೆಚ್ಚು ನೋಡಿದ್ದೀಯಲ್ಲ ಎಂದಷ್ಟೇ ದೊಡ್ಡಮ್ಮ ಹೇಳಿದಳು.

ಆ ಕಾರ್ಖಾನೆಯಲ್ಲಿ ಅಂದಾಜಿನ ಕೆಲಸಕ್ಕೆ ಜಾಗವಿರಲಿಲ್ಲ. ಬೊಂಬೆಗೆ ಮೈ ಕೊಡುವ ಮೊದಲು ಜೀವಂತ ವ್ಯಕ್ತಿಯೊಬ್ಬರನ್ನು ಮರದ ಪೆಟ್ಟಿಗೆಯ ಮೇಲೆ ನಿಲ್ಲಿಸಿ, ಬಾಗಿದ ಎರಡು ಕಾಲುಗಳ ದೊಡ್ಡ ಕೈವಾರದಿಂದ ಅಳೆಯಬೇಕು. ಅದರ ಆಕಾರ ನೋಡಿ ಅಜ್ಜ ಅದಕ್ಕೆ 'ಏಡಿ' ಎಂದು ಹೆಸರಿಟ್ಟಿದ್ದ. ಅಳತೆಯ ಮಾನವೋ, ತಲೆ. ಗಲ್ಲದಿಂದ ನೆತ್ತಿಗೆ ಎಷ್ಟು ಉದ್ದವೋ ಅದು ಒಂದು ತಲೆ. ಎತ್ತರ ಎಷ್ಟು ತಲೆ, ಭುಜ ಎಷ್ಟು ತಲೆ, ಸೊಂಟ ಎಷ್ಟು ತಲೆ ಎಂದು ಕಪ್ಪುಹಲಗೆಯ ಮೇಲೆ ಬರೆದ ಮೇಲೆಯೇ ಮಣ್ಣಿಗೆ ಕೈ ಹಚ್ಚುವುದು.

ಬಳ್ಳಿಯನ್ನು ಪೆಟ್ಟಿಗೆಯ ಮೇಲೆ ನಿಲ್ಲಿಸಲು ಸಾಧ್ಯವಿರಲಿಲ್ಲ. ಗುಬ್ಬಿ ಚಿಕ್ಕ ಏಡಿಯನ್ನು ಹುಡುಕಿ ತೆಗೆದು, ಫೋನನ್ನು ಮೇಜಿನ ಮೇಲೆ ಮಲಗಿಸಿ, ಉಸಿರು ಬಿಗಿಹಿಡಿದು ಪರದೆಯನ್ನೇ ಅಳೆಯತೊಡಗಿದಳು. ಪರದೆಯ ಮೇಲೆ ಬಳ್ಳಿಯ ತಲೆ ಕಡಲೆಕಾಳಿನಷ್ಟಿತ್ತು. ಏಡಿಯ ಕಾಲು ತಾಗಿದಾಗಲೆಲ್ಲ ಚಿತ್ರ ಓಡಿಹೋಗಿ ಬೇರೊಂದು ಚಿತ್ರ ಬರುತ್ತಿತ್ತು. ಒಮ್ಮೆ ಬಳ್ಳಿಗೆ ಬದಲಾಗಿ ಯಾರದೋ ನಾಯಿಮರಿಯ ಸೊಂಟವನ್ನು ಅಳೆದದ್ದೂ ಆಯಿತು. ಆದರೂ ಛಲ ಬಿಡದೆ ಮೂರು ಸಲ ಅಳೆದು ಹಲಗೆಗೇರಿಸಿದಳು: ಎತ್ತರ ಒಂಬತ್ತು ತಲೆ, ಭುಜ ಒಂದೂವರೆ, ಸೊಂಟ ಮುಕ್ಕಾಲಿಗೂ ಸ್ವಲ್ಪ ಕಡಿಮೆ.

ಕಂಬಿ ಕಟ್ಟಲು ಬಂದ ಅಜ್ಜ ಹಲಗೆಯನ್ನು ಮೇಲಿನಿಂದ ಕೆಳಗೆ ಓದಿದ, ಕೆಳಗಿನಿಂದ ಮೇಲೆಯೂ ಓದಿದ.

"ಇದು ಹುಡುಗಿಯೋ, ಬೀದಿ ದೀಪದ ಕಂಬವೋ?"

"ಮೂರು ಸಲ ಅಳೆದಿದೀನಿ ಅಜ್ಜ."

"ಮೂರು ಸಲ ಅಳೆದ್ರೆ ಸೊಂಟ ದಪ್ಪ ಆಗುತ್ತಾ? ಎರಡು ಕಾಲಿಗೆ ಎರಡು ಕಂಬಿ, ಎರಡೂ ಸೊಂಟದೊಳಗಿಂದಾನೇ ಮೇಲೆ ಹೋಗ್ಬೇಕು. ಇಲ್ಲಿ ಒಂದಕ್ಕೇ ಉಸಿರುಕಟ್ಟುತ್ತೆ."

ಹಾಗಾದರೆ ಒಂದೇ ಕಂಬಿ ಹಾಕಿ ಎಂದಳು ಗುಬ್ಬಿ. ಅಜ್ಜ ದೊಡ್ಡಮ್ಮನ ಕಡೆ ತಿರುಗಿದ. ಮಗು ಹೇಳಿದಂತೆ ಮಾಡಿ ಎಂದು ದೊಡ್ಡಮ್ಮ ತಲೆಯೆತ್ತದೆಯೇ ನುಡಿದು, ಸ್ವಲ್ಪ ಹೊತ್ತಿನ ನಂತರ, ಸುತ್ತ ಎರಡು ಗೋಣಿಚೀಲ ಹಾಸಿಬಿಡಿ ಎಂದೂ ಸೇರಿಸಿದಳು.

ನಾಲ್ಕು ದಿನ ಗುಬ್ಬಿಗೆ ಊಟ ತಿಂಡಿಯ ಪರಿವೆಯಿರಲಿಲ್ಲ. ಬೆಳೆಯುತ್ತ ಹೋದ ಬಳ್ಳಿಯ ತಲೆ ಚಾವಣಿಯ ದೀಪಕ್ಕೆ ಬಡಿದಾಗ ಅಜ್ಜ ಗೊಣಗುತ್ತ ದೀಪವನ್ನು ಪಕ್ಕಕ್ಕೆ ಸರಿಸಿದ. ಮುಖ ಮಾಡಲು ಗುಬ್ಬಿ ಏಣಿ ಹತ್ತಬೇಕಾಯಿತು. ಸ್ವೆಟರಿನ ತೋಳುಗಳು ಮಣ್ಣಿನಲ್ಲಿ ಅದ್ದಿ ಅದ್ದಿ ಒಣಗಿ ಮರದ ತೊಗಟೆಯಂತಾದವು. ಮಂಗಳವಾರದ ಹೊತ್ತಿಗೆ ಬೊಂಬೆ ಮುಂದುಗಡೆಯಿಂದ ನಿಜಕ್ಕೂ ಬೆರಗು ಹುಟ್ಟಿಸುವಂತಿತ್ತು. ನೆತ್ತಿಯಿಂದ ಪಾದದವರೆಗೆ ಇಳಿದ ಆ ರೇಖೆಯನ್ನು ನೋಡುತ್ತ ನಿಂತಾಗ ಗುಬ್ಬಿಯ ಎದೆಯಲ್ಲಿ ಸಣ್ಣ ಹೊಟ್ಟೆಕಿಚ್ಚೊಂದು ಎದ್ದಿತು. ತನ್ನ ಕೈಯಿಂದಲೇ ಮಾಡಿದ ಮಣ್ಣಿನ ಮುದ್ದೆಯ ಮೇಲೆ ತಾನೇ ಕರುಬುವ ಸೌಭಾಗ್ಯ ಎಲ್ಲರಿಗೂ ಸಿಗುವಂಥದಲ್ಲ.

ಬೆನ್ನು ತಿದ್ದಲೆಂದು ಆಕೆ ತಿರುಗುಮಣೆಯನ್ನು ಮೆಲ್ಲಗೆ ತಿರುಗಿಸಿದಳು. ಅರ್ಧ ಸುತ್ತಿಗೆ ಬಳ್ಳಿಯ ಸೊಂಟದಿಂದ ನಿಟ್ಟುಸಿರಿನಂಥ ಒಂದು ಸದ್ದು ಹೊರಟಿತು. ಆಮೇಲೆ ಆಕೆ, ಬಿದ್ದ ಸೂಜಿಯನ್ನು ಹುಡುಕುವವಳಂತೆ, ಯಾವ ಅವಸರವೂ ಇಲ್ಲದೆ ಮುಂದಕ್ಕೆ ಬಾಗಿದಳು, ಬಾಗಿದವಳು ಏಳಲಿಲ್ಲ. ಅಜ್ಜ ಆಗಷ್ಟೇ ಕಲಸಿಟ್ಟಿದ್ದ ಪ್ಲಾಸ್ಟರಿನ ತೊಟ್ಟಿಯಲ್ಲಿ ಮುಖವಿಟ್ಟು, ಕಾಲುಗಳನ್ನು ಮಣೆಯ ಮೇಲೆಯೇ ಬಿಟ್ಟು, ನೆಮ್ಮದಿಯಾಗಿ ನಿಂತಳು. ಗೋಣಿಚೀಲಗಳು ಎರಡು ಅಡಿ ಪಕ್ಕದಲ್ಲಿದ್ದವು.

ಅಜ್ಜ ಚಹಾದ ಲೋಟ ಹಿಡಿದು ಹತ್ತಿರ ಬಂದ.

"ಮುಖದ ಅಚ್ಚು ಆಯ್ತು. ಮಿಕ್ಕಿದ್ದು ಯಾವಾಗ ಮುಳುಗುತ್ತೆ?"

ಗುಬ್ಬಿಯ ಕಣ್ಣುಗಳಲ್ಲಿ ನೀರಾಡಿತು. ಅಳತೆಯಲ್ಲಿ ತಪ್ಪಿಲ್ಲ, ಮೂರು ಸಲ ಅಳೆದಿದ್ದೆ ಎಂದು ಮತ್ತೆ ಮತ್ತೆ ಹೇಳಿದಳು. ದೊಡ್ಡಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮೇಜಿನ ಬಳಿ ಕುಳಿತಳು. ಅಳತೆ ತಪ್ಪಿಲ್ಲವೆಂದು ನಾನೂ ನಂಬುತ್ತೇನೆ, ಅದೇ ಹುಡುಗಿಯ ಇನ್ನೊಂದು ಫೋಟೋ ಅಳೆದು ನೋಡೋಣ ಬಾ ಎಂದಳು.

ಇನ್ನೊಂದರಲ್ಲಿ ಬಳ್ಳಿ ಎಂಟೂಕಾಲು ತಲೆ ಎತ್ತರವಿದ್ದಳು. ಮತ್ತೊಂದರಲ್ಲಿ ಒಂಬತ್ತೂವರೆ. ಬೆಕ್ಕನ್ನು ಎತ್ತಿಕೊಂಡ ಚಿತ್ರದಲ್ಲಿ ಬೆಕ್ಕಿನ ಸೊಂಟವೇ ಆಕೆಯ ಸೊಂಟಕ್ಕಿಂತ ದಪ್ಪವಾಗಿತ್ತು. ಕನ್ನಡಿಯ ಮುಂದೆ ನಿಂತ ಚಿತ್ರವಂತೂ ಅಪೂರ್ವವಾದುದು: ಕನ್ನಡಿಯ ಹೊರಗಿನವಳಿಗೆ ಮುಕ್ಕಾಲು ತಲೆಯ ಸೊಂಟ, ಒಳಗಿನವಳಿಗೆ ಒಂದೂಕಾಲು. ಹೊರಗಿನವಳನ್ನು ತಿದ್ದಿದವರು ಒಳಗಿನವಳನ್ನು ಮರೆತಿದ್ದರು. ಅಜ್ಜ ತನ್ನ ಚಿಕ್ಕ ಮರದ ಪಟ್ಟಿಯನ್ನು ತಂದು ಮೊದಲ ಚಿತ್ರದ ಕಿಟಕಿಯ ಚೌಕಟ್ಟಿನ ಮೇಲಿಟ್ಟ. ನೆಟ್ಟಗೆ ಬರುತ್ತಿದ್ದ ಚೌಕಟ್ಟು ಬಳ್ಳಿಯ ಸೊಂಟದ ನೇರಕ್ಕೆ ಬಂದಾಗ ಆಕೆಯ ಕಡೆಗೆ ಬಾಗಿ, ಸೊಂಟ ದಾಟಿದ ಮೇಲೆ ಮತ್ತೆ ನೆಟ್ಟಗಾಗುತ್ತಿತ್ತು.

"ಮನೆ ಕಟ್ಟಿದ ಮೇಸ್ತ್ರಿ ಕುಡ್ಕೊಂಡಿದ್ದ ಅಂತ ಅಂದ್ಕೊಂಡೆ," ಎಂದ ಅಜ್ಜ ಗಂಭೀರವಾಗಿ. "ಅಲ್ಲ. ಇವಳು ಪಕ್ಕದಲ್ಲಿ ನಿಂತ್ರೆ ಕಿಟಕಿಗಳೂ ಹೊಟ್ಟೆ ಒಳಗೆ ಎಳ್ಕೊಳ್ತವೆ."

ಗುಬ್ಬಿ ನಕ್ಕಳು. ನಗು ಬಂದದ್ದಕ್ಕೆ ಸಿಟ್ಟು ಬಂದು ಇನ್ನೂ ನಕ್ಕಳು. ತೊಟ್ಟಿಯಲ್ಲಿ ತಲೆಕೆಳಗಾಗಿ ನಿಂತವಳ ಕಡೆ ಕಣ್ಣು ಹೋದಾಗಲಂತೂ ಮೂವರಿಗೂ ಹೊಟ್ಟೆ ಹಿಡಿದುಕೊಳ್ಳುವಂತಾಯಿತು. ಆದರೆ ನಗು ಇಳಿದ ಮೇಲೆ ಗುಬ್ಬಿಯ ಮುಖ ಮೊದಲಿನಂತೆಯೇ ಬಾಡಿತು.

"ಅವಳದು ಸುಳ್ಳು, ಸರಿ ದೊಡ್ಡಮ್ಮ. ಆದ್ರೆ ನಂದು ನಿಜ ಅಲ್ವಾ? ನನ್ನ ಫೋಟೋನ ಯಾರೂ ತಿದ್ದಿಲ್ಲ."

ದೊಡ್ಡಮ್ಮ, ಅದನ್ನೂ ಅಳೆಯೋಣ ಎಂದಳು. ಆ ಚಿತ್ರವನ್ನು ಮತ್ತೆ ತೆರೆಯುವುದು ಗುಬ್ಬಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟವಾಯಿತು. ಆದರೂ ತೆರೆದಳು, ಏಡಿಯಿಟ್ಟು ಅಳೆದಳು. ಭುಜ, ಹೆಚ್ಚುಕಡಿಮೆ ಮೂರು ತಲೆ.

"ಈಗ ಪೆಟ್ಟಿಗೆ ಹತ್ತು," ಎಂದಳು ದೊಡ್ಡಮ್ಮ.

ಸ್ವೆಟರಿನ ಮೇಲೆ ಏಡಿ ನಿಲ್ಲುವುದಿಲ್ಲ. ಗುಬ್ಬಿ ಒಂದು ಕ್ಷಣ ಅದರ ಅಂಚನ್ನು ಹಿಡಿದುಕೊಂಡೇ ನಿಂತಳು. ಅಜ್ಜನಿಗೆ ಇದ್ದಕ್ಕಿದ್ದಂತೆ ಹೊರಗೆ ಏನೋ ಕೆಲಸ ನೆನಪಾಯಿತು. ಸ್ವೆಟರು ಇಳಿಯಿತು; ಒಳಗಿನ ತೋಳಿಲ್ಲದ ಅಂಗಿ ಬೆವರಿನಲ್ಲಿ ತೊಯ್ದು ಮೈಗಂಟಿತ್ತು. ತಣ್ಣನೆಯ ಏಡಿ ಗಲ್ಲ, ನೆತ್ತಿ, ಭುಜ, ಸೊಂಟಗಳನ್ನು ಮುಟ್ಟಿಕೊಂಡು ಹೋಯಿತು. ಎತ್ತರ ಏಳೂವರೆ ತಲೆ. ಭುಜ ಎರಡು ತಲೆ, ಮೇಲೊಂದು ಬೆರಳು. ದೊಡ್ಡಮ್ಮ ತನ್ನ ಪರವಾಗಿ ಮೋಸ ಮಾಡುತ್ತಿದ್ದಾಳೆಂಬ ಗುಮಾನಿಯಿಂದ ಗುಬ್ಬಿ ಏಡಿಯನ್ನು ತಾನೇ ಕಿತ್ತುಕೊಂಡು, ಕನ್ನಡಿಯ ಮುಂದೆ ಮತ್ತೊಮ್ಮೆ ಅಳೆದಳು. ಎರಡು ತಲೆ, ಒಂದು ಬೆರಳು.

ಫೋಟೋ ತೆಗೆದವನು ಏಣಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಮೈಗೆ ತಾಗುವಷ್ಟು ಹತ್ತಿರದಿಂದ ಫೋನ್ ಹಿಡಿದಿದ್ದಾನೆ, ಮುಂದೆ ಬಂದ ಭುಜ ಊದಿಕೊಂಡಿದೆ, ಹಿಂದಕ್ಕೆ ವಾಲಿದ ತಲೆ ಕುಗ್ಗಿದೆ ಎಂದು ದೊಡ್ಡಮ್ಮ ವಿವರಿಸಿದಳು. ಅಷ್ಟರಲ್ಲಿ ಮರಳಿ ಬಂದಿದ್ದ ಅಜ್ಜ ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನ ಮುಂದೆ ತನ್ನ ಮುಷ್ಟಿ ಹಿಡಿದು, ಈಗ ದೊಡ್ಡಮ್ಮನೇ ಕಾಣುತ್ತಿಲ್ಲ, ಈ ಮನೆಗೆ ಯಜಮಾನ ನಾನೇ ಎಂದ.

"ನಾನು ಬೊಂಬೆಗಳಿಗೆ ಒಂದೂಮುಕ್ಕಾಲು ಇಡ್ತೀನಿ," ಎಂದಳು ದೊಡ್ಡಮ್ಮ. "ನಿನ್ನ ಭುಜ ಅಗಲಾನೇ ಕಣೇ. ಅಲ್ಲ ಅಂತ ಹೇಳಿ ನಿನ್ನ ಸಮಾಧಾನ ಮಾಡೋಕೆ ನಂಗೆ ಬರಲ್ಲ. ಆದ್ರೆ ಮೂರು ಅಲ್ಲ. ಆ ಒಂದು ತಲೆ ಫೋನಿಂದು. ಅದನ್ನ ನೀನು ಯಾಕೆ ಹೊತ್ಕೊಂಡು ತಿರುಗ್ತೀಯ?"

ಗುಬ್ಬಿ ಸ್ವೆಟರನ್ನು ಹಾಕಿಕೊಂಡಳು, ಆದರೆ ತೋಳುಗಳನ್ನು ಮೊಣಕೈವರೆಗೆ ಮಡಚಿದಳು. ಒಂದು ತಲೆ ಇಳಿದದ್ದು ಹಗುರವೆನಿಸಿತ್ತು. ಉಳಿದ ಕಾಲು ತಲೆ, ಒಂದು ಬೆರಳು ಇನ್ನೂ ಅಲ್ಲೇ ಇತ್ತು.

ಅಂಗಡಿಯಮ್ಮ ಬರಲು ಮೂರೇ ದಿನಗಳಿದ್ದವು. ಕಪ್ಪುಹಲಗೆಯ ಮೇಲೆ ಈಗ ಎರಡು ಸಾಲು ಅಳತೆಗಳಿದ್ದವು: ಎಡಗಡೆ ತೊಟ್ಟಿಗೆ ಬಿದ್ದವಳದು, ಬಲಗಡೆ ನಿಂತವಳದು. ದೊಡ್ಡಮ್ಮ ಮೂಲೆಯಲ್ಲಿದ್ದ ಹಳೆಯ ಬೊಂಬೆಯೊಂದಕ್ಕೆ ಅಂಗಡಿಯವರು ಅಳತೆಗೆಂದು ಕಳಿಸಿದ್ದ ಜಾಕೆಟ್ ತೊಡಿಸಿ ಗುಬ್ಬಿಯ ಮುಂದೆ ತಂದು ನಿಲ್ಲಿಸಿದಳು. ಮುಂದುಗಡೆಯಿಂದ ಅದು ಮೈಗೆ ಹೊಲಿದಂತಿತ್ತು. ಹಿಂದಕ್ಕೆ ತಿರುಗಿಸಿದರೆ ಕುತ್ತಿಗೆಯಿಂದ ಸೊಂಟದವರೆಗೆ ಹನ್ನೊಂದು ಕ್ಲಿಪ್ಪುಗಳು, ಬೆನ್ನುಮೂಳೆಯಂತೆ ಸಾಲಾಗಿ, ಬಟ್ಟೆಯನ್ನು ಹಿಡಿದೆಳೆದಿದ್ದವು. ಗಾಜಿನ ಹಿಂದೆ ನಿಂತ ಬೊಂಬೆಯ ಬೆನ್ನನ್ನು ಯಾರೂ ನೋಡುವುದಿಲ್ಲ, ಅಷ್ಟರಮಟ್ಟಿಗೆ ನಾನೂ ಇಪ್ಪತ್ತಾರು ವರ್ಷದಿಂದ ಸುಳ್ಳು ಮಾರಿಕೊಂಡೇ ಬಂದಿದ್ದೇನೆ ಎಂದು ದೊಡ್ಡಮ್ಮ ನಾಚಿಕೆಯಿಲ್ಲದೆ ಒಪ್ಪಿಕೊಂಡಳು.

ಗುಬ್ಬಿ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದಳು. ಜಾಕೆಟ್ಟಿನ ಭುಜಗಳು ಜೋತುಬಿದ್ದವು. ಅದನ್ನು ಬೊಂಬೆಯಿಂದ ಕಳಚಿ, ಸ್ವೆಟರು ತೆಗೆದು, ತಾನೇ ತೊಟ್ಟು ನೋಡಿದಳು; ಒಂದು ಕ್ಲಿಪ್ಪೂ ಇಲ್ಲದೆ ಅದು ಭುಜದ ಮೇಲೆ ನೆಟ್ಟಗೆ ನಿಂತಿತು. ಆಮೇಲೆ ಒದ್ದೆ ಬಟ್ಟೆಯಿಂದ ಹಲಗೆಯ ಎಡಸಾಲನ್ನು ಒರೆಸಿ, ಯಾರ ಅಳತೆಯೆಂದು ಯಾರಿಗೂ ಹೇಳಬಾರದೆಂದು ಇಬ್ಬರಿಂದಲೂ ಮಾತು ತೆಗೆದುಕೊಂಡು, ಮಣ್ಣಿಗೆ ಕೈಹಾಕಿದಳು. ಅಜ್ಜ ಎರಡು ಕಂಬಿ ತಂದ. ಎರಡೂ ಸಲೀಸಾಗಿ ಹೋದವು. ಇನ್ನೊಂದಕ್ಕೂ ಜಾಗವಿದೆ, ಹಾಕಲೇ ಎಂದು ಕೆಣಕಿ, ಮಣ್ಣಿನ ಉಂಡೆಯೊಂದನ್ನು ಬೆನ್ನಿಗೆ ತಿಂದ.

ಶುಕ್ರವಾರ ನಾಲ್ಕು ಗಂಟೆಗೆ ಅಂಗಡಿಯಮ್ಮ ಬಂದಳು. ಜೊತೆಯಲ್ಲಿ ಅಂಗಡಿಯ ಹುಡುಗಿಯೊಬ್ಬಳಿದ್ದಳು; ಅಂಗಡಿಯಲ್ಲಿ ಎಲ್ಲರೂ ಆಕೆಯನ್ನು 'ಕಡ್ಡಿ' ಎನ್ನುತ್ತಿದ್ದರು, ಆಕೆಗೂ ಅದು ಒಗ್ಗಿಹೋಗಿತ್ತು. ಹಸಿ ಮಣ್ಣಿನ ಮೈಗೆ ತೆಳು ಪ್ಲಾಸ್ಟಿಕ್ಕು ಸುತ್ತಿ, ಅದರ ಮೇಲೆ ಜಾಕೆಟ್ ತೊಡಿಸಿ ನಿಲ್ಲಿಸಿದ್ದರು. ಗುಬ್ಬಿ ಸ್ವೆಟರನ್ನು ಮತ್ತೆ ಗಲ್ಲದವರೆಗೆ ಎಳೆದುಕೊಂಡು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ನಲ್ಲಿಯ ಬಳಿ ಕೈ ತೊಳೆಯುತ್ತಿದ್ದಳು. ಗೋಡೆಯ ಗಡಿಯಾರ ನಾಲ್ಕೂಹತ್ತು ತೋರಿಸುತ್ತಿತ್ತು. ಮೇಡಂಗೆ ಕೊಡಬೇಕಾದ ಉತ್ತರ ಆಕೆಯ ಜೇಬಿನ ಫೋನಿನಲ್ಲಿ ಇನ್ನೂ ಖಾಲಿಯಾಗಿಯೇ ಇತ್ತು.

ಅಂಗಡಿಯಮ್ಮ ಮುಂದುಗಡೆಯಿಂದ ನೋಡಿದಳು. ತುಟಿ ಓರೆ ಮಾಡಿದಳು. ತನ್ನ ಕಸುಬು ಬಲ್ಲ ಹೆಂಗಸಾದ್ದರಿಂದ ಅಲ್ಲಿಗೇ ನಿಲ್ಲದೆ ಹಿಂದಕ್ಕೆ ಹೋಗಿ ಬೆನ್ನನ್ನು ನೋಡಿದಳು, ಜಾಕೆಟ್ಟಿನ ಅಂಚೆತ್ತಿ ಒಳಗೂ ನೋಡಿದಳು.

"ಕ್ಲಿಪ್ ಎಲ್ಲಿ?"

"ಬೇಕಾಗ್ಲಿಲ್ಲ," ಎಂದಳು ದೊಡ್ಡಮ್ಮ.

ಅಂಗಡಿಯಮ್ಮ ಮತ್ತೊಂದು ಸುತ್ತು ಬಂದಳು. ನಾನು ಕೇಳಿದ ಬಳ್ಳಿ ಇದಲ್ಲವಲ್ಲ ಎಂದು ರಾಗವೆಳೆದಾಗ ಅಜ್ಜ ಬಹಳ ವಿನಯದಿಂದ, ಆಕೆ ಆ ತೊಟ್ಟಿಯಲ್ಲಿದ್ದಾಳೆ, ಬೇಕಿದ್ದರೆ ಕಾಲು ಹಿಡಿದು ಎಳೆದು ತೋರಿಸುತ್ತೇನೆ ಎಂದ. ಚರ್ಚೆ ಶುರುವಾಯಿತು. ಹತ್ತು ಬೇಡ, ಮೊದಲು ನಾಲ್ಕು ಮಾಡಿಕೊಡಿ, ಗಿರಾಕಿಗಳು ಏನೆನ್ನುತ್ತಾರೋ ನೋಡೋಣ ಎಂಬಲ್ಲಿಗೆ ಅದು ಬಂದು ನಿಲ್ಲುವುದಕ್ಕೆ ಅರ್ಧ ಗಂಟೆ ಹಿಡಿಯಿತು.

ಆ ಅರ್ಧ ಗಂಟೆಯಲ್ಲಿ ಕಡ್ಡಿಗೆ ಮಾಡಲು ಕೆಲಸವಿರಲಿಲ್ಲ. ಆಕೆ ಮಣ್ಣಿನ ಬೊಂಬೆಯ ಪಕ್ಕ ನಿಂತು, ಎದುರಿನ ಕನ್ನಡಿಯಲ್ಲಿ ತನ್ನ ಭುಜಗಳನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮೇಲಕ್ಕೆ ಎಳೆದು ನೋಡಿದಳು. ಆಮೇಲೆ ನಿಟ್ಟುಸಿರುಬಿಟ್ಟು ಗುಬ್ಬಿಯ ಹತ್ತಿರ ಬಂದಳು.

"ಯಾರದೇ ಈ ಭುಜ? ಎಷ್ಟು ಚೆನ್ನಾಗಿ ನಿಂತಿದೆ ನೋಡು ಜಾಕೆಟ್ಟು. ನಂದೂ ಇದೆ, ಯಾವ ಬಟ್ಟೆ ಹಾಕಿದ್ರೂ ಹ್ಯಾಂಗರಿಂದ ಜಾರ್ದಂಗಿರುತ್ತೆ. ಫೋಟೋ ತೆಗೀತಾರೆ ಅಂದ್ರೆ ನಾನು ಹಿಂದಿನ ಸಾಲಿಗೆ ಓಡಿಹೋಗ್ತೀನಿ."

"ನಿನ್ನ ಭುಜಕ್ಕೇನಾಗಿದೆ? ಚೆನ್ನಾಗೇ ಇದೆಯಲ್ಲ," ಎಂದುಬಿಟ್ಟಳು ಗುಬ್ಬಿ.

ಮಾತು ಬಾಯಿಂದ ಬಿದ್ದ ಮೇಲೆ ಅದು ಯಾರ ಮಾತೆಂಬುದು ಆಕೆಗೆ ಹೊಳೆಯಿತು. ಒಂದಕ್ಷರವೂ ಆಚೀಚೆಯಾಗದೆ ಅಮ್ಮನ ಮಾತು. ಕಡ್ಡಿ ಅದನ್ನು ಕೇಳಿ ಮುಖ ತಿರುಗಿಸಿದ ಬಗೆಯೂ ಆಕೆಗೆ ಚೆನ್ನಾಗಿ ಪರಿಚಿತವಾಗಿತ್ತು. ಅಲ್ಲೊಂದು ಬಾಗಿಲಿದ್ದಿದ್ದರೆ ಅದೂ ಧಡಾರೆನ್ನುತ್ತಿತ್ತು. ಅಮ್ಮ ಸುಳ್ಳು ಹೇಳುತ್ತಿದ್ದಾಳೆಂದು ಆಕೆ ತಿಳಿದಿದ್ದಳು. ಈಗ ತಾನು ಹೇಳಿದ್ದು ಸುಳ್ಳೇ? ಗುಬ್ಬಿ ಕಡ್ಡಿಯ ಭುಜಗಳನ್ನು ಇನ್ನೊಮ್ಮೆ ನೋಡಿದಳು. ಸುಳ್ಳಾಗಿರಲಿಲ್ಲ.

ಬಾಯಿಮಾತಿಗೆ ಬೆಲೆಯಿಲ್ಲವೆಂದು ಆಕೆಗೆ ಗೊತ್ತಿತ್ತು. ಗೋಡೆಯಿಂದ ಏಡಿಯನ್ನು ಇಳಿಸಿಕೊಂಡಳು.

"ಪ್ಲೀಸ್, ಆ ಪೆಟ್ಟಿಗೆ ಹತ್ತು. ಒಂದ್ನಿಮಿಷ."

ಕಡ್ಡಿ ಕುತೂಹಲದಿಂದಲೇ ಹತ್ತಿದಳು. ಗುಬ್ಬಿ ತಲೆ ಅಳೆದಳು, ಭುಜ ಅಳೆದಳು, ಇನ್ನೊಮ್ಮೆ ಅಳೆದಳು.

"ಒಂದೂಮುಕ್ಕಾಲು. ನಿಮ್ಮ ಅಂಗಡಿಲಿರೋ ಬೊಂಬೆಗಳಿಗೆಲ್ಲ ಇರೋದು ಇದೇ. ನೀನು ದಿನಾ ಯಾರನ್ನ ನೋಡಿ ಹೊಟ್ಟೆ ಉರ್ಕೊಳ್ತೀಯೋ ಅವ್ರದ್ದೂ ನಿಂದೂ ಒಂದೇ ಅಳತೆ."

ಕಡ್ಡಿಗೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಮತ್ತೆ ಅವರಿಗೆ ಬಟ್ಟೆ ಅಷ್ಟು ಚೆನ್ನಾಗಿ ಕೂರುವುದು ಹೇಗೆಂದು ಕೇಳಿ, ಕೇಳಿದ ಮರುಕ್ಷಣವೇ ತನ್ನ ತಲೆಗೆ ತಾನೇ ಮೊಟಕಿಕೊಂಡಳು. ಪ್ರತಿ ಸೋಮವಾರ ಆ ಕ್ಲಿಪ್ಪುಗಳನ್ನು ಹಾಕುವವಳು ಆಕೆಯೇ ಆಗಿದ್ದಳು. ಇಬ್ಬರೂ ನಲ್ಲಿಯ ಕಟ್ಟೆಗೊರಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ಆದ್ರೂ ಇದು ಯಾರದು ಹೇಳೇ," ಎಂದಳು ಕಡ್ಡಿ, ಮಣ್ಣಿನ ಭುಜದ ಕಡೆ ಗಲ್ಲ ತೋರಿಸಿ.

ಅಜ್ಜ ಅಚ್ಚಿನ ಹಿಂದಿನಿಂದ ಕಿವಿಗೊಟ್ಟ. ದೊಡ್ಡಮ್ಮ ಅಂಗಡಿಯಮ್ಮನ ಮಾತಿಗೆ ತಲೆಯಾಡಿಸುತ್ತಿದ್ದವಳು ಆಡಿಸುವುದನ್ನು ನಿಲ್ಲಿಸಿದಳು.

"ನಂದು," ಎಂದಳು ಗುಬ್ಬಿ.

ಗಡಿಯಾರದಲ್ಲಿ ಐದಕ್ಕೆ ಎಂಟು ನಿಮಿಷ ಉಳಿದಿತ್ತು. ಆಕೆ ಹಿತ್ತಲಿನ ಓಣಿಗೆ ಹೋಗಿ ಮೇಡಂಗೆ ಫೋನ್ ಮಾಡಿದಳು. ಬೈಗುಳದ ಮಳೆಯನ್ನೇ ನಿರೀಕ್ಷಿಸಿದ್ದವಳಿಗೆ ಸಿಕ್ಕಿದ್ದು ಎರಡೇ ಮಾತು: ಎರಡು ವಾರದಲ್ಲಿ ತೋಳಿಗೆ ತುಕ್ಕು ಹಿಡಿದಿದೆಯೋ ಹೇಗೆ ಎಂಬ ಪ್ರಶ್ನೆ, ನಾಳೆ ಬೆಳಿಗ್ಗೆ ಆರಕ್ಕೆ ನೀರಿನಲ್ಲಿರಬೇಕೆಂಬ ಆಜ್ಞೆ.

ಭಾನುವಾರ ಈಜುಕೊಳದ ಮೆಟ್ಟಿಲುಗಳ ಮೇಲೆ ಅಮ್ಮ, ದೊಡ್ಡಮ್ಮ, ಅಜ್ಜ ಮೂವರೂ ಒತ್ತಿಕೊಂಡು ಕುಳಿತಿದ್ದರು. ಹುಡುಗಿಯರು ಸಾಲಾಗಿ ಬಂದಾಗ ಅಜ್ಜ ಅಭ್ಯಾಸಬಲದಿಂದ ಒಂದು ಕಣ್ಣು ಮುಚ್ಚಿ, ಹೆಬ್ಬೆರಳೆತ್ತಿ, ಏಳು, ಏಳೂಕಾಲು, ಏಳೂವರೆ ಎಂದು ಎಣಿಸತೊಡಗಿದ್ದರಿಂದ ಮುಂದಿನ ಸಾಲಿನವರು ತಿರುಗಿ ನೋಡಿದರು. ಒಂಬತ್ತು ತಲೆಯವರು ಯಾರೂ ಇಲ್ಲವೆಂದು ಆತ ಅವರಿಗೆ ವರದಿ ಒಪ್ಪಿಸಿದ.

ಗುಬ್ಬಿ ಸ್ವೆಟರು ತೊಟ್ಟೇ ಬಂದಿದ್ದಳು. ತಂಡದ ಮೊದಲ ಹುಡುಗಿ ಹಾರಿದಳು, ಎರಡನೆಯವಳು ಹಾರಿದಳು. ಮೂರನೆಯವಳು ನೀರಿಗೆ ಬಿದ್ದ ಮೇಲೂ ಗುಬ್ಬಿಯ ಕೈ ಸ್ವೆಟರಿನ ಅಂಚಿನಲ್ಲೇ ಇತ್ತು. ಸುತ್ತಲೂ ಫೋನುಗಳು ಎದ್ದಿದ್ದವು. ಆಕೆ ಅವುಗಳನ್ನು ನೋಡಿದಳು; ಹತ್ತಿರದ್ದು ಎಷ್ಟು ಹತ್ತಿರವಿದೆ, ಕೆಳಗಿನದು ಎಷ್ಟು ಕೆಳಗಿದೆ ಎಂದು ಲೆಕ್ಕ ಹಾಕಿದಳು; ತನಗೇ ನಗು ಬಂದಿತು. ಸ್ವೆಟರನ್ನು ತಲೆಯ ಮೇಲಿಂದ ಎಳೆದು ಮೆಟ್ಟಿಲಿನತ್ತ ಎಸೆದಳು. ಅದು ಅಜ್ಜನ ಮುಖದ ಮೇಲೆ ಬಿತ್ತು. ಆತ ಅದರೊಳಗಿಂದ ಹೊರಬರುವಷ್ಟರಲ್ಲಿ ಗುಬ್ಬಿ ನೀರಿನಲ್ಲಿದ್ದಳು.

ನಾಲ್ಕನೆಯ ಸ್ಥಾನದಲ್ಲಿದ್ದ ತಂಡವನ್ನು ಆ ಎರಡು ಭುಜಗಳು ಮೂರನೆಯದಕ್ಕೆ, ಅಲ್ಲಿಂದ ಎರಡನೆಯದಕ್ಕೆ ಎಳೆದುಕೊಂಡು ಹೋದವು. ಅಮ್ಮ ದೊಡ್ಡಮ್ಮನ ಮೊಣಕೈಯನ್ನು ಹಿಂಡಿ ನೀಲಿಗಟ್ಟಿಸಿದಳು. ಮೊದಲು ಗೋಡೆ ಮುಟ್ಟಿದವಳು ಪಕ್ಕದ ಸಾಲಿನವಳೇ. ಆದರೆ ಆಕೆಗೂ ಗುಬ್ಬಿಗೂ ನಡುವೆ ಉಳಿದಿದ್ದ ಅಂತರ ಬಹಳವಿರಲಿಲ್ಲ.

"ಅರ್ಧ ತಲೆ," ಎಂದಳು ದೊಡ್ಡಮ್ಮ, ಕನ್ನಡಕ ಹಣೆಗೇರಿಸಿ.

ಎರಡನೆಯ ಬಹುಮಾನಕ್ಕೆ ನಾಲ್ವರೂ ಒಬ್ಬರನ್ನೊಬ್ಬರು ಅಪ್ಪಿ ಕುಣಿದರು. ಈಜುಕೊಳದವರ ಪರವಾಗಿ ಫೋಟೋ ತೆಗೆಯುವವನು ಓಡಿಬಂದು ಅವರ ಕಾಲಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತ. ಗುಬ್ಬಿ ಆತನನ್ನು ಎಬ್ಬಿಸಿ, ಅಣ್ಣಾ, ಎದ್ದು ನಿಂತು ಸ್ವಲ್ಪ ಹಿಂದೆ ಹೋಗಿ ಎಂದಳು. ಆತ ಹೋದ. ಇನ್ನೂ ನಾಲ್ಕು ಹೆಜ್ಜೆ ಎಂದಳು. ಮೂರನೆಯ ಹೆಜ್ಜೆಗೆ ಆತನ ಹಿಮ್ಮಡಿ ಕೊಳದ ಅಂಚಿಗೆ ಬಂದದ್ದನ್ನು ಯಾರೋ ಕೂಗಿ ಹೇಳಿದ್ದರಿಂದ ಫೋನು ಉಳಿಯಿತು. ಚಿತ್ರದಲ್ಲಿ ನಾಲ್ವರಲ್ಲಿ ಅತಿ ಅಗಲವಾಗಿ ಕಾಣುತ್ತಿದ್ದವಳು ಗುಬ್ಬಿಯೇ. ಎರಡು ತಲೆ, ಮೇಲೊಂದು ಬೆರಳು, ಹೆಚ್ಚಿಲ್ಲ, ಕಡಿಮೆಯಿಲ್ಲ. ಇದನ್ನೇ ಪುಟಕ್ಕೆ ಹಾಕಿ ಎಂದಳು.

ಮೆಟ್ಟಿಲುಗಳ ಬಳಿಗೆ ಬರುವಾಗ ಆಕೆಯ ಹಲ್ಲುಗಳು ಕಟಕಟನೆ ಕಡಿಯುತ್ತಿದ್ದವು.

"ಅಜ್ಜ, ಸ್ವೆಟರ್ ಕೊಡಿ. ಚಳಿ ಆಗ್ತಿದೆ."

ಎರಡು ವಾರಗಳಲ್ಲಿ ಆ ಸ್ವೆಟರನ್ನು ಚಳಿಗೆಂದು ಕೇಳಿದ್ದು ಅದೇ ಮೊದಲು. ಆದರೆ ಅಜ್ಜ ಏಳುವ ಲಕ್ಷಣ ಕಾಣಲಿಲ್ಲ. ಕಲ್ಲಿನ ಮೆಟ್ಟಿಲು ಬಹಳ ತಣ್ಣಗಿದೆ, ತನ್ನ ಮೂಳೆಗಳಿಗೆ ವಯಸ್ಸಾಗಿದೆ, ಇದನ್ನು ನಾಲ್ಕು ಮಡಿಕೆ ಮಾಡಿ ಕೂತರೆ ಎಂಥ ಸುಖವೆಂದು ನಿನಗೇನು ಗೊತ್ತು ಎಂದು ಆತ ವಾದಕ್ಕಿಳಿದ. ಕೊನೆಗೆ ಅಮ್ಮ ಒಂದು ತೋಳನ್ನೂ ದೊಡ್ಡಮ್ಮ ಇನ್ನೊಂದು ತೋಳನ್ನೂ ಹಿಡಿದು, ಅಜ್ಜನ ಕೆಳಗಿನಿಂದ ಸ್ವೆಟರನ್ನು ಎಳೆದು ತೆಗೆಯಬೇಕಾಯಿತು.